ನಾಲ್ವರು ಮೇಷ್ಟ್ರುಗಳ ತುರ್ಕಿ ಊಟ



ಇಸ್ತಾಂಬುಲ್ ನಗರಕ್ಕೆ ಪ್ರವಾಸ ಹೋಗಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿಂದಲೇ ನನಗೊಂದು ಮಿಂಚಂಚೆ ಬರೆದಿದ್ದ. “ಸಾರ್, ತುರ್ಕರು ಕಾನ್‌ಸ್ಟಾಂಟಿನೋಪಲ್ ಗೆದ್ದ ಇಸವಿಯನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬೇಕು ಎನ್ನುತ್ತಿದ್ದಿರಿ. ಇಲ್ಲಿನ ಹಳೆಯ ಕೋಟೆಗೋಡೆಯ ಮುಂದೆ ನಿಂತು 1453 ಎಂದು ಗಟ್ಟಿಯಾಗಿ ಹೇಳಿದೆ. ಹೆಂಡತಿ ಗಾಬರಿಯಾದಳು. ಅದಿರಲಿ, ಇಲ್ಲಿನ ಊಟ ಬಹಳ ಸೊಗಸಾಗಿದೆ. ನೀವು ಎಂದಾದರೂ ತುರ್ಕಿ ಊಟ ಮಾಡಿದ್ದೀರಾ?” ಎಂದು ಕೇಳಿದ್ದ.

ಮಾಡಿದ್ದೇನೆ ಮಹರಾಯ. ವಿಮಾನ ಹತ್ತದೆ, ರಹದಾರಿ ಪತ್ರವಿಲ್ಲದೆ, ನಮ್ಮ ಮೈಸೂರಿನಲ್ಲಿಯೇ ಮಾಡಿದ್ದೇನೆ. ಅವನಿಗೆ ಎರಡು ಸಾಲಿನ ಉತ್ತರ ಬರೆಯಲು ಕುಳಿತವನಿಗೆ ಅದು ಎರಡು ಸಾಲಿನ ವಿಷಯವಲ್ಲವೆಂದು ತೋರಿ, ನಿಮ್ಮೆಲ್ಲರಿಗೂ ತಿಳಿಯಲೆಂದು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ಬರುವ ಇನ್ನು ಮೂವರ ಹೆಸರನ್ನು ನಾನು ಬರೆಯುವುದಿಲ್ಲ. ನಮ್ಮ ಶಾಲೆಯಲ್ಲಿ ಓದಿದವರಿಗೆ ಗಣಿತದ ಸಾಹೇಬರು, ಸಂಸ್ಕೃತದ ಪಂಡಿತರು, ಡ್ರಿಲ್ ಮೇಷ್ಟ್ರು ಎಂದರೆ ಸಾಕು. ಆ ಮೂವರಲ್ಲಿ ಒಬ್ಬರಾದರೂ ನಿಮ್ಮ ಕಿವಿ ಹಿಂಡಿರುತ್ತಾರೆ.

ಮೊದಲು ಊಟದ ಹಿಂದಿನ ಕಥೆ. ನಾವು ನಾಲ್ವರೂ ಹೆಚ್ಚುಕಡಿಮೆ ಮೂವತ್ತು ವರ್ಷ ಒಂದೇ ಶಾಲೆಯಲ್ಲಿ ದುಡಿದವರು. ಇಷ್ಟು ಕಾಲ ಒಂದೇ ಸೂರಿನಡಿ ಇದ್ದರೂ ನಾಲ್ವರೂ ಒಂದು ಮೇಜಿಗೆ ಕುಳಿತು ಬೇಯಿಸಿದ ಅನ್ನ ಉಂಡವರಲ್ಲ. ಇದನ್ನು ಕೇಳಿದರೆ ಇಂದಿನ ಮಕ್ಕಳಿಗೆ ಆಶ್ಚರ್ಯವಾದೀತು. ಆ ಕಾಲದಲ್ಲಿ ಅದು ನಮಗೆ ಕಣ್ಣಿಗೆ ಬೀಳುವ ಸಂಗತಿಯೇ ಆಗಿರಲಿಲ್ಲ. ಪಂಡಿತರು ಮಧ್ಯಾಹ್ನದ ಬಿಡುವಿನಲ್ಲಿ ಶಾಲೆಯ ಹಿಂದಿನ ಹೊಂಗೆಮರದ ಕೆಳಗೆ ಒಬ್ಬರೇ ಕುಳಿತು ಮೊಸರನ್ನ ತಿನ್ನುತ್ತಿದ್ದರು. ಸಾಹೇಬರು ಬೋಧಕರ ಕೊಠಡಿಯ ಕಿಟಕಿಯ ಬಳಿ ತಮ್ಮ ಡಬ್ಬಿ ಬಿಚ್ಚುತ್ತಿದ್ದರು. ಡ್ರಿಲ್ ಮೇಷ್ಟ್ರು ಮನೆಗೆ ಸೈಕಲ್ ತುಳಿದು ಹೋಗಿ ಮುದ್ದೆ ಉಂಡು ಬರುವರು. ನಾನು ಎಲ್ಲಿ ಜಾಗವಿತ್ತೋ ಅಲ್ಲಿ.

ಆದರೆ ಈ ಇಬ್ಬರ ಸ್ನೇಹ, ಅಂದರೆ ಸಾಹೇಬರ ಮತ್ತು ಪಂಡಿತರ ಸ್ನೇಹ, ಶಾಲೆಗೆಲ್ಲ ಗೊತ್ತಿದ್ದ ಸ್ನೇಹ. ಅದು ಹಸಿ ಸಾಮಾನಿನ ಮೇಲೆ ನಡೆದ ಸ್ನೇಹ ಎಂದು ನಾನು ತಮಾಷೆ ಮಾಡುತ್ತಿದ್ದೆ. ರಂಜಾನ್ ಹಬ್ಬದ ದಿನ ಸಾಹೇಬರ ಮನೆಯಿಂದ ನಮಗೆಲ್ಲ ಶೀರ್ ಖುರ್ಮಾ ಬರುತ್ತಿತ್ತು. ಪಂಡಿತರ ಮನೆಗೆ ಮಾತ್ರ ಖರ್ಜೂರ, ದ್ರಾಕ್ಷಿ, ಗೋಡಂಬಿ, ಸಕ್ಕರೆ ಮತ್ತು ಒಂದು ಕಟ್ಟು ಶಾವಿಗೆ, ಬೇಯಿಸದೆ, ಹೊಸ ಬಟ್ಟೆಯಲ್ಲಿ ಕಟ್ಟಿ ಹೋಗುತ್ತಿತ್ತು. ಸಾಹೇಬರ ತಂದೆಯವರೇ ಆ ಪದ್ಧತಿ ಹೇಳಿಕೊಟ್ಟಿದ್ದರಂತೆ: ಕೊಡುವವನು ತೆಗೆದುಕೊಳ್ಳುವವನ ಮಡಿಯನ್ನೂ ಯೋಚಿಸಬೇಕು ಎಂದು. ಪಂಡಿತರ ಮನೆಯಿಂದ ಯುಗಾದಿಗೆ ಒಬ್ಬಟ್ಟು, ಗೋಕುಲಾಷ್ಟಮಿಗೆ ಚಕ್ಕುಲಿ ಸಾಹೇಬರ ಮನೆಗೆ ಹೋಗುತ್ತಿದ್ದವು. ಬೇಯಿಸಿದ್ದು ಒಂದು ಕಡೆಗೆ, ಬೇಯಿಸದ್ದು ಇನ್ನೊಂದು ಕಡೆಗೆ. ಈ ಲೆಕ್ಕ ಸಮವಲ್ಲವೆಂದು ಗಣಿತದ ಮೇಷ್ಟ್ರು ಒಂದು ದಿನವೂ ಅಂದವರಲ್ಲ.

ಮುರಿದದ್ದು 2022ರ ಯುಗಾದಿಯ ಹೊತ್ತಿಗೆ. ಆ ವರ್ಷ ಹೊಸತೊಡಕಿನ ಮಾಂಸದ ಖರೀದಿಯ ನೆಪದಲ್ಲಿ ಹಲಾಲ್ ವಿಚಾರ ರಾಜ್ಯದಲ್ಲೆಲ್ಲ ಎದ್ದು ಕೂಗಾಟವಾದದ್ದು ನಿಮಗೆ ನೆನಪಿರಬಹುದು. ಮಾಂಸ ಮುಟ್ಟದ ಪಂಡಿತರಿಗೆ ಅದರಲ್ಲಿ ಏನೂ ಆಗಬೇಕಾಗಿರಲಿಲ್ಲ. ಆದರೂ ಯಾರೋ ಕಳುಹಿಸಿದ ಸಂದೇಶವೊಂದನ್ನು ಅವರು ನಮ್ಮ ನಿವೃತ್ತರ ವಾಟ್ಸಾಪ್ ಬಳಗಕ್ಕೆ ದಾಟಿಸಿದರು. ಅದರಲ್ಲಿ ಅಂಗಡಿಗಳ ಬಹಿಷ್ಕಾರದ ಮಾತಿತ್ತು, ‘ತುರುಕರು’ ಎಂಬ ಪದ ಮೂರೋ ನಾಲ್ಕೋ ಬಾರಿ ಇತ್ತು. ಬರೆದವರು ಅವರಲ್ಲ, ನಿಜ. ಆದರೆ ಕೆಂಡವನ್ನು ತಂದವನು ಯಾರೇ ಆಗಲಿ, ಕೈಯಿಂದ ಕೈಗೆ ದಾಟಿಸಿದವನೂ ಅದರ ಬಿಸಿಯನ್ನು ಅರಿತಿರಬೇಕು. ಅರ್ಧ ಗಂಟೆಯ ಬಳಿಕ ಸಾಹೇಬರು ಬಳಗದಿಂದ ಹೊರಹೋದರೆಂದು ಪರದೆಯ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಮೂಡಿತು. ಒಂದು ಮಾತಿಲ್ಲ, ಒಂದು ಆಕ್ಷೇಪಣೆಯಿಲ್ಲ. ಆ ವರ್ಷದ ರಂಜಾನಿಗೂ ಪಂಡಿತರ ಮನೆಗೆ ಖರ್ಜೂರದ ಗಂಟು ಹೋಯಿತು. ಆದರೆ ಸಾಹೇಬರು ಹೋಗಲಿಲ್ಲ, ಮೊಮ್ಮಗನ ಕೈಯಲ್ಲಿ ಕಳುಹಿಸಿದರು.

ಅಲ್ಲಿಯವರೆಗೆ ನಾವು ನಾಲ್ವರೂ ಬೆಳಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಟ್ಟಿಗೆ ನಡೆಯುತ್ತಿದ್ದೆವು. ಆಮೇಲೆ ಸಾಹೇಬರು ಎದುರು ದಿಕ್ಕಿನಿಂದ ನಡೆಯತೊಡಗಿದರು. ಇವರು ಬರುವುದು ಕಂಡೊಡನೆ ಪಂಡಿತರು ನೀರಿನಲ್ಲಿದ್ದ ಹೆಜ್ಜಾರ್ಲೆಗಳನ್ನು ಬಹಳ ಆಸಕ್ತಿಯಿಂದ ನೋಡುವರು. ಸಾಹೇಬರು ಕೈಗಡಿಯಾರ ನೋಡಿಕೊಳ್ಳುವರು. ನನಗೆ ನಗುವೂ ಬರುತ್ತಿತ್ತು, ಸಂಕಟವೂ ಆಗುತ್ತಿತ್ತು. ಸಮವೇಗದಲ್ಲಿ ಎದುರುಬದುರಾಗಿ ಕೆರೆ ಸುತ್ತುವ ಇಬ್ಬರು ಸುತ್ತಿಗೆ ಎರಡು ಬಾರಿ ಸಂಧಿಸುತ್ತಾರೆ ಎಂಬುದು ಅವರೇ ಎಷ್ಟೋ ವರ್ಷ ಹುಡುಗರಿಗೆ ಕಲಿಸಿದ ಲೆಕ್ಕ. ಒಂದೇ ದಿಕ್ಕಿಗೆ ಸ್ವಲ್ಪ ಹಿಂದೆ ನಡೆದಿದ್ದರೆ ಮುಖವನ್ನೇ ನೋಡಬೇಕಾಗಿರಲಿಲ್ಲ. ಆದ್ದರಿಂದ ಈ ಮುನಿಸಿಗೆ ಅಗುಳಿ ಹಾಕಿಲ್ಲ, ಬಾಗಿಲು ಮುಚ್ಚಿದೆ ಅಷ್ಟೆ, ಎಂದು ನಾನು ಊಹಿಸಿದ್ದೆ. ನಾನು ಎರಡು ಸಲ ಇಬ್ಬರೊಡನೆಯೂ ಮಾತೆತ್ತಿ ನೋಡಿದೆ. ಒಬ್ಬರು “ಏನಿಲ್ಲ ಬಿಡಿ” ಎಂದರು. ಇನ್ನೊಬ್ಬರು “ಏನಾಗಿದೆ ಈಗ?” ಎಂದರು. ಎಪ್ಪತ್ತು ದಾಟಿದ ಗಂಡಸರಿಂದ ಇದಕ್ಕಿಂತ ಹೆಚ್ಚಿನ ಉತ್ತರ ಹೊರಡಿಸುವುದು ಕಷ್ಟ.

ಎರಡೂವರೆ ವರ್ಷ ಹೀಗೆಯೇ ಕಳೆಯಿತು. 2024ರ ಡಿಸೆಂಬರಿನಲ್ಲಿ ಡ್ರಿಲ್ ಮೇಷ್ಟ್ರಿಗೆ 75 ತುಂಬಿತು. ಅವರು ನಮ್ಮ ಮೂವರಿಗೂ ದೂರವಾಣಿ ಮಾಡಿ, ಇಂಥ ದಿನ ಮಧ್ಯಾಹ್ನ ಒಂದು ಗಂಟೆಗೆ ಊಟಕ್ಕೆ ಹಾಜರಿರಬೇಕೆಂದು ಅಪ್ಪಣೆ ಮಾಡಿದರು. ಎಲ್ಲಿ ಎಂದರೆ, ತುರ್ಕಿ ಹೋಟೆಲಿನಲ್ಲಿ! ಅವರ ಮೊಮ್ಮಗಳು ಕಂಡುಹಿಡಿದಿದ್ದ ಜಾಗವಂತೆ. ಯಾರು ಯಾರು ಬರುತ್ತಾರೆಂಬುದನ್ನೂ ಮುಚ್ಚಿಡಲಿಲ್ಲ. “ಅವರೂ ಬರುತ್ತಾರೆ, ಇವರೂ ಬರುತ್ತಾರೆ. ಬರದಿದ್ದವರು ಮೈದಾನ ಹತ್ತು ಸುತ್ತು” ಎಂದರು. ಪಂಡಿತರು ನನಗೆ ಫೋನು ಮಾಡಿ, ತಾವು ಬರುವುದು ಕೇವಲ ಹರಸಲಿಕ್ಕೆ, ಅಲ್ಲಿ ಏನನ್ನೂ ಮುಟ್ಟುವುದಿಲ್ಲವೆಂದು ಮೊದಲೇ ಸ್ಪಷ್ಟಪಡಿಸಿದರು.

ತುರ್ಕಿ ಊಟವೇ ಏಕೆ ಎಂದರೆ ಅದಕ್ಕೊಂದು ಕಾರಣವಿತ್ತು. ಡ್ರಿಲ್ ಮೇಷ್ಟ್ರ ಅಜ್ಜ ಮೈಸೂರು ಲ್ಯಾನ್ಸರ್ಸ್ ದಳದಲ್ಲಿ ಸವಾರರಾಗಿದ್ದವರು. ನಮ್ಮ ಸಂಸ್ಥಾನದ ಈ ಅಶ್ವದಳ 1914ರಲ್ಲಿಯೇ ಈಜಿಪ್ಟಿಗೆ ಹೋಗಿ, ಸೂಯೆಜ್ ಕಾಲುವೆಯ ಕಾವಲಿನಿಂದ ಹಿಡಿದು ಪ್ಯಾಲೆಸ್ಟೈನಿನವರೆಗೆ ತುರ್ಕರ ಆಟೋಮನ್ ಸೈನ್ಯದೊಡನೆ ಸೆಣಸಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೂ ಮೈಸೂರಿನ ಸವಾರರೂ ಸೇರಿ ಈಟಿ ಖಡ್ಗಗಳನ್ನು ಹಿಡಿದು ಮೆಷಿನ್ ಗನ್ನುಗಳ ಎದುರು ಕುದುರೆ ಓಡಿಸಿ ಹೈಫಾ ಪಟ್ಟಣವನ್ನು ಗೆದ್ದರು. ಕಾರ್ಮೆಲ್ ಬೆಟ್ಟದ ಇಳಿಜಾರನ್ನು ಹತ್ತಿ ಅಲ್ಲಿದ್ದ ಫಿರಂಗಿಗಳ ಮೇಲೆ ಬಿದ್ದವರು ನಮ್ಮ ಮೈಸೂರಿನವರು. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತಿರುವ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು, ಇನ್ನೆರಡು ಜೋಧಪುರ ಮತ್ತು ಹೈದರಾಬಾದಿನವು. ನಮ್ಮ ಹುಡುಗರಿಗೆ ವಾಟರ್ಲೂ ಗೊತ್ತು, ಹೈಫಾ ಗೊತ್ತಿಲ್ಲ. ಪಠ್ಯಪುಸ್ತಕದಲ್ಲಿ ಇಲ್ಲದಿದ್ದರೂ ನಾನು ಪ್ರತಿ ವರ್ಷ ಒಂದು ಪೀರಿಯಡ್ ಕದ್ದು ಅದನ್ನು ಹೇಳುತ್ತಿದ್ದೆ.

ಆ ಅಜ್ಜ ಯುದ್ಧದಿಂದ ಮರಳುವಾಗ ತಂದದ್ದು ಒಂದು ಹಿತ್ತಾಳೆಯ ಕೊಳವೆಯಂಥ ವಸ್ತು. ಮೇಲೊಂದು ಹಿಡಿ, ತಿರುಗಿಸಿದರೆ ಒಳಗೆ ಬೀಸುತ್ತದೆ. ಮನೆಯಲ್ಲಿ ಮೂರು ತಲೆಮಾರು ಅದರಲ್ಲಿ ಕಾಳುಮೆಣಸು ಪುಡಿ ಮಾಡಿದರು. ಅದು ತುರ್ಕರು ಕಾಫಿ ಬೀಸುವ ಕೈಯಂತ್ರವೆಂದು ಮೊಮ್ಮಗಳು ಅಂತರಜಾಲದಲ್ಲಿ ನೋಡಿ ಹೇಳಿದ ಮೇಲೆ ಡ್ರಿಲ್ ಮೇಷ್ಟ್ರಿಗೆ ಒಂದು ಹಂಬಲ ಹತ್ತಿತು. ಅಜ್ಜ ಯಾರೊಡನೆ ಹೊಡೆದಾಡಿದನೋ ಅವರು ಏನು ತಿನ್ನುತ್ತಾರೆಂದು ಸಾಯುವುದರೊಳಗೆ ಒಮ್ಮೆ ತಿಂದು ನೋಡಬೇಕು ಎಂದು.

ಹೋಟೆಲಿನ ವಿಚಾರ. ಫಲಕದ ಮೇಲೆ ತುರ್ಕಿ ಎಂದು ಬರೆದಿತ್ತು. ಮಾಲೀಕರು ಮಲಬಾರಿನವರು. ಅಡುಗೆಯವನು ಕೊಲ್ಲಿ ದೇಶದಲ್ಲಿ ತುರ್ಕಿ ಬಾಣಸಿಗನೊಬ್ಬನ ಕೈಕೆಳಗೆ ಪಳಗಿದವನು. ಬಡಿಸುವ ಹುಡುಗ ಅಸ್ಸಾಮಿನವನು. ಗೋಡೆಯ ಮೇಲೆ ಇಸ್ತಾಂಬುಲ್ಲಿನ ನೀಲಿ ಮಸೀದಿಯ ಚಿತ್ರ, ಗಲ್ಲಾಪೆಟ್ಟಿಗೆಯ ಬಳಿ ಮೈಸೂರಿನ ಊದುಬತ್ತಿ. ಇದನ್ನು ತುರ್ಕಿ ಹೋಟೆಲ್ ಎನ್ನಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೆ: ಗಾಂಧಿ ಚೌಕದ ಆರ್‌ಆರ್‌ಆರ್ ಹೋಟೆಲಿನ ಆಂಧ್ರ ಶೈಲಿಯ ಎಲೆಯೂಟವನ್ನು ನಾವು ಮೈಸೂರಿನ ಊಟವೆಂದೇ ನೆಂಟರಿಗೆ ತೋರಿಸುತ್ತೇವಲ್ಲ. ಊಟಕ್ಕೆ ಹುಟ್ಟೂರು ಒಂದಿದ್ದರೂ ಬಾಳುವ ಊರುಗಳು ಹಲವು. ಅಂದ ಹಾಗೆ, ದೇಶದ ಹೆಸರೂ ಈಗ ತುರ್ಕಿ ಅಲ್ಲ. 2022ರಲ್ಲಿ ವಿಶ್ವಸಂಸ್ಥೆಯಲ್ಲಿ ಅವರು ಅದನ್ನು ತಮ್ಮ ಉಚ್ಚಾರದಂತೆ ತುರ್ಕಿಯೆ ಎಂದು ತಿದ್ದಿಸಿಕೊಂಡರು. 2014ರ ನವೆಂಬರ್ 1ರಂದು ಇಂಗ್ಲಿಷಿನ ಮೈಸೋರ್ ಹೋಗಿ ಮೈಸೂರು ಆದದ್ದನ್ನು ಕಂಡ ನಮಗೆ ಅವರ ಆಸೆ ಅರ್ಥವಾಗುತ್ತದೆ.

ನಾನು ತಲುಪುವ ಹೊತ್ತಿಗೆ ಸಾಹೇಬರು ಒಂದು ತುದಿಯಲ್ಲಿ, ಪಂಡಿತರು ಇನ್ನೊಂದು ತುದಿಯಲ್ಲಿ ಕುಳಿತಿದ್ದರು. ಡ್ರಿಲ್ ಮೇಷ್ಟ್ರು ಬಂದವರೇ ಶಾಲೆಯ ಸಾಲು ಸರಿಪಡಿಸುವಂತೆ ಇಬ್ಬರನ್ನೂ ಎಬ್ಬಿಸಿ ಎದುರುಬದುರು ಕೂರಿಸಿದರು. ನಡುವೆ ಹಿತ್ತಾಳೆಯ ಕಾಫಿ ಯಂತ್ರವನ್ನು ಚೀಲದಿಂದ ತೆಗೆದು ಇಟ್ಟರು. ಮಾತಿಲ್ಲ. ಬಡಿಸುವ ಹುಡುಗ ತಿನಿಸಿನ ಪಟ್ಟಿ ಕೊಟ್ಟದ್ದೇ ಅನುಕೂಲವಾಯಿತು, ಎಲ್ಲರೂ ಅದರ ಹಿಂದೆ ಮುಖ ಮರೆಸಿಕೊಂಡೆವು.

ಪಟ್ಟಿಯನ್ನು ಓದುತ್ತಾ ಹೋದರೆ ನನಗಂತೂ ನೆಂಟರ ಮನೆಯ ಮದುವೆಗೆ ಬಂದ ಹಾಗಾಯಿತು. ಕೈಮಾ ಎಂದರೆ ನಮ್ಮ ಖೀಮಾ. ಅದು ತುರ್ಕಿಯ ಪದ. ನಮ್ಮ ಹೋಟೆಲುಗಳ ಕುರ್ಮಾ ಕೂಡ ‘ಕವುರ್ಮಾ’ ಎಂಬ ತುರ್ಕಿ ಪದದ ಮಗ. ಚೋರ್ಬಾ ಎಂದರೆ ಸಾರು. ನಾವು ತೋಪು, ತುಪಾಕಿ ಎನ್ನುವುದೂ ಅವರಿಂದಲೇ ಬಂದದ್ದು. ದಸರಾ ಜಂಬೂಸವಾರಿಯ ಕಾಲಕ್ಕೆ ನಮ್ಮ ಮಹಾರಾಜರ ಬಿರುದಾವಳಿಯಲ್ಲಿ ಕೊನೆಗೆ ಕೂಗುತ್ತಿದ್ದ ‘ಬಹದ್ದೂರ್’ ಮಧ್ಯ ಏಷ್ಯಾದ ಕುದುರೆ ಸವಾರರ ಮಾತು. ಭಾಷೆಯ ಕಟ್ಟಡವೂ ನಮ್ಮದರಂತೆಯೇ. ‘ಎವ್’ ಎಂದರೆ ಮನೆ, ‘ಎವ್ಲೆರ್’ ಮನೆಗಳು, ‘ಎವ್ಲೆರ್‌ದೆ’ ಮನೆಗಳಲ್ಲಿ. ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟಂತೆ ಪ್ರತ್ಯಯದ ಮೇಲೆ ಪ್ರತ್ಯಯ. 1856ರಲ್ಲಿ ದ್ರಾವಿಡ ಭಾಷೆಗಳ ವ್ಯಾಕರಣ ಬರೆದ ಬಿಷಪ್ ಕಾಲ್ಡ್‌ವೆಲ್ ಇಂಥ ಹೋಲಿಕೆ ನೋಡಿಯೇ ನಮಗೂ ಆ ಕಡೆಯವರಿಗೂ ದೂರದ ನಂಟಿದೆಯೆಂದು ವಾದಿಸಿದ್ದ. ಮುಂದಿನ ವಿದ್ವಾಂಸರು ಅದನ್ನು ಒಪ್ಪಲಿಲ್ಲ, ಹೋಲಿಕೆ ಬೇರೆ, ರಕ್ತಸಂಬಂಧ ಬೇರೆ. ನಾನು ಈ ಪಾಠವನ್ನು ಅಲ್ಲಿಯೂ ಶುರುಮಾಡಿದೆ. ಮೌನಕ್ಕಿಂತ ಪಾಠ ಮೇಲು.

ಮೊದಲು ಬಂದದ್ದು ಕೆಂಪು ಮಸೂರಬೇಳೆಯ ಸಾರು, ಮೇಲೆ ನಿಂಬೆಹಣ್ಣು. ನಮ್ಮ ಮನೆಯ ಕಟ್ಟಿನ ಸಾರಿನ ಅಕ್ಕನೋ ತಂಗಿಯೋ ಇರಬೇಕು, ಆದರೆ ಒಗ್ಗರಣೆಯಿಲ್ಲದ ಬಡಪಾಯಿ. ಆಮೇಲೆ ‘ಪಿದೆ’ ಎಂಬ ದೋಣಿಯಾಕಾರದ ರೊಟ್ಟಿ. ಡ್ರಿಲ್ ಮೇಷ್ಟ್ರು ಮತ್ತು ಸಾಹೇಬರಿಗೆ ಕೆಂಡದ ಮೇಲೆ ಸುಟ್ಟ ಕಬಾಬು. ನನಗೆ ಬದನೆಕಾಯಿ. ‘ಅಯ್ರಾನ್’ ಎಂದು ಬರೆದದ್ದು ಏನೆಂದು ಪಂಡಿತರು ಹುಡುಗನನ್ನು ಕೇಳಿದರು. ಮೊಸರು, ನೀರು, ಉಪ್ಪು ಎಂದು ಅವನು ಹಿಂದಿಯಲ್ಲಿ ಹೇಳಿದ. “ಮಜ್ಜಿಗೆ!” ಎಂದರು ಪಂಡಿತರು, ಪರದೇಶದಲ್ಲಿ ಸ್ವಂತ ಊರಿನವನನ್ನು ಕಂಡಂತೆ. ತಕ್ರಕ್ಕೆ ದೋಷವಿಲ್ಲವೆಂದು ತಮಗೆ ತಾವೇ ತೀರ್ಪು ಕೊಟ್ಟುಕೊಂಡು ಒಂದು ಲೋಟ ತರಿಸಿದರು. ಹರಸಲು ಮಾತ್ರ ಬಂದವರು ಹೀಗೆ ಊಟದ ಸಾಲಿಗೆ ಸೇರಿದರು.

ಬದನೆಕಾಯಿಯ ತಿನಿಸಿನ ಹೆಸರು ‘ಇಮಾಮ್ ಬಾಯಿಲ್ದಿ’. ಇಮಾಮರು ಮೂರ್ಛೆ ಹೋದರು ಎಂದು ಅದರ ಅರ್ಥ. ರುಚಿಗೆ ಮೂರ್ಛೆ ಹೋದರೆಂದು ಕೆಲವರು ಹೇಳಿದರೆ, ಹೆಂಡತಿ ಸುರಿದ ಎಣ್ಣೆಯ ಖರ್ಚು ಕೇಳಿ ಮೂರ್ಛೆ ಹೋದರೆಂದು ಇನ್ನು ಕೆಲವರು. ಈರುಳ್ಳಿ, ಬೆಳ್ಳುಳ್ಳಿ, ಟೊಮೇಟೊ ತುಂಬಿ ಆಲಿವ್ ಎಣ್ಣೆಯಲ್ಲಿ ಬೇಯಿಸಿದ ಇಡೀ ಬದನೆಕಾಯಿ. ನೋಡಲು ನಮ್ಮ ಎಣ್ಣೆಗಾಯಿಯೇ. ಆದರೆ ಹುಚ್ಚೆಳ್ಳು, ಕೊಬ್ಬರಿ, ಮೆಣಸಿನಕಾಯಿಯ ಮಸಾಲೆಯಿಲ್ಲದ ಎಣ್ಣೆಗಾಯಿಗೆ ಮೂರ್ಛೆ ಹೋಗಲು ನಾನು ಸಿದ್ಧನಿಲ್ಲ. ನಮ್ಮ ಈರನಗೆರೆ ಬದನೆಕಾಯಿಯ ಎಣ್ಣೆಗಾಯಿಯನ್ನು ಆ ಇಮಾಮರಿಗೆ ಬಡಿಸಿದ್ದರೆ ಎದ್ದೇಳುತ್ತಲೇ ಇರಲಿಲ್ಲವೇನೋ. ಸಾಹೇಬರು ಈ ಕಥೆಗೆ ನಕ್ಕರು. ಪಂಡಿತರೂ ನಕ್ಕರು. ನಗುವಾಗ ಇಬ್ಬರೂ ನೋಡಿದ್ದು ನನ್ನ ಮುಖವನ್ನು. ಆದರೂ ನಗು ನಗುವೇ. ಪಂಡಿತರು ಆ ತಟ್ಟೆಯನ್ನು ಮುಟ್ಟಲಿಲ್ಲ. ಬದಲಿಗೆ ಬದನೆಯ ಹೆಸರಿನ ಚರಿತ್ರೆ ಹೇಳಿದರು: ಸಂಸ್ಕೃತದ ವಾತಿಂಗಣ ಪಾರಸಿಗೆ ಹೋಗಿ ಬಾದಿಂಗಾನ್ ಆಯಿತು, ಅರಬ್ಬಿಯಲ್ಲಿ ಬಾದಿಂಜಾನ್ ಆಯಿತು, ತುರ್ಕಿಯಲ್ಲಿ ಪತ್ಲಿಜಾನ್. “ಕಾಯಿಯೂ ನಮ್ಮದೇ, ಹೆಸರೂ ನಮ್ಮದೇ” ಎಂದರು. “ಎಣ್ಣೆ ಮಾತ್ರ ಇಮಾಮರದು” ಎಂದರು ಸಾಹೇಬರು, ತಟ್ಟೆ ನೋಡುತ್ತಾ. ಎರಡೂವರೆ ವರ್ಷದಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರು ಸೇರಿಸಿದ ಮೊದಲ ಮಾತು ಅದು. ನಾನು ಉಸಿರು ಬಿಗಿಹಿಡಿದು ಕುಳಿತೆ.

ಅಷ್ಟರಲ್ಲಿ ಡ್ರಿಲ್ ಮೇಷ್ಟ್ರು ಹೈಫಾದ ಕಥೆಗೆ ಕೈಹಾಕಿದರು. ಅವರ ಮನಸ್ಸಿನಲ್ಲಿ ಕಪಟವಿಲ್ಲ, ನಾಲಗೆಗೆ ಲಗಾಮೂ ಇಲ್ಲ. “ನಮ್ಮಜ್ಜ ಹೇಳುತ್ತಿದ್ದ, ತುರುಕರ ದಂಡು ಬೆಟ್ಟದ ಮೇಲೆ ತೋಪು ಇಟ್ಟುಕೊಂಡು ಕೂತಿತ್ತು...” ಎಂದು ಆರಂಭಿಸಿದರು. ಅಜ್ಜನ ಬಾಯಲ್ಲಿ ಅದು ಆ ದೇಶದ ಜನರ ಹೆಸರು, ಬೇರೇನಲ್ಲ. ಹಳಗನ್ನಡದಲ್ಲಿ ತುರುಷ್ಕರೆಂದದ್ದು ಆಡುಮಾತಿನಲ್ಲಿ ತುರುಕರಾಯಿತು. ಆದರೆ ಪದ ಮೇಜಿನ ಮೇಲೆ ಬಿದ್ದಾಯಿತು. ಸಾಹೇಬರ ಕೈಯಲ್ಲಿದ್ದ ರೊಟ್ಟಿಯ ತುಂಡು ತಟ್ಟೆಗೆ ಹಿಂದಿರುಗಿತು. ಡ್ರಿಲ್ ಮೇಷ್ಟ್ರಿಗೂ ತಿಳಿಯಿತು, ಮಾತು ನಿಲ್ಲಿಸಿದರು. ಹುಡುಗ ನೀರು ಸುರಿಯುವ ಸದ್ದು ಮಾತ್ರ ಕೇಳುತ್ತಿತ್ತು.

ಪಂಡಿತರು ಮಜ್ಜಿಗೆಯ ಲೋಟವನ್ನು ಕೆಳಗಿಟ್ಟರು. ತರಗತಿಯಲ್ಲಿ ಶಬ್ದರೂಪ ಹೇಳಿಸುವಾಗಿನ ಧ್ವನಿಯಲ್ಲಿಯೇ, “ಅಮರಕೋಶದಲ್ಲಿ ತುರುಷ್ಕ ಎಂಬುದು ಗಂಧದ್ರವ್ಯಗಳ ಸಾಲಿನಲ್ಲಿ ಬರುತ್ತದೆ” ಎಂದರು. ಯಾರೂ ಏನೂ ಹೇಳಲಿಲ್ಲ. ಅವರು ಮುಂದುವರಿಸಿದರು. “ಒಂದು ಮರದ ಅಂಟು. ಪಶ್ಚಿಮದಿಂದ ಬರುತ್ತಿತ್ತು, ಆದ್ದರಿಂದ ಆ ಹೆಸರು. ಧೂಪಕ್ಕೆ ಹಾಕುತ್ತಿದ್ದರು. ದೇವರ ಮುಂದೆ.” ಸ್ವಲ್ಪ ತಡೆದು, “ನನಗೆ ಗೊತ್ತಿತ್ತು. ಗೊತ್ತಿದ್ದೂ ಯಾರೋ ಬರೆದದ್ದನ್ನು ಕಳುಹಿಸಿದೆ, ಸಾಹೇಬರೇ” ಎಂದರು.

ಅವರು ಕ್ಷಮಿಸಿ ಎನ್ನಲಿಲ್ಲ. ನಾನು ಅವರನ್ನು ನಲವತ್ತು ವರ್ಷದಿಂದ ಬಲ್ಲೆ, ಆ ಪದ ಅವರ ಬಾಯಿಂದ ಹೊರಡುವುದು ಸುಲಭವಲ್ಲ. ಸಾಹೇಬರು ಬಹಳ ಹೊತ್ತು ಆ ಹಿತ್ತಾಳೆಯ ಯಂತ್ರವನ್ನು ತಿರುಗಿಸುತ್ತಾ ಕುಳಿತರು. ಆಮೇಲೆ, “ಹಾಗಾದರೆ ಇಷ್ಟು ದಿನ ನಾನು ಹೊಗೆಯಾಡಿದ್ದೂ ಸರಿಯೇ ಆಯಿತು ಬಿಡಿ, ಪಂಡಿತರೇ” ಎಂದರು. ಹೇಳಿ, ತಮ್ಮ ಮುಂದಿದ್ದ ಹೊಸ ಪಿದೆಯನ್ನು ಎರಡು ಭಾಗ ಮಾಡಿ, ಮಾಂಸದ ತಟ್ಟೆಗೆ ತಗಲದಂತೆ ಒಂದು ಕಾಗದದ ಕರವಸ್ತ್ರದ ಮೇಲಿಟ್ಟು, ಮೇಜಿನ ಆಚೆಗೆ ಸರಿಸಿದರು. ತಂದೆ ಕಲಿಸಿದ ಎಚ್ಚರಿಕೆ ಅಲ್ಲಿಯೂ ತಪ್ಪಲಿಲ್ಲ. ಪಂಡಿತರು ಅದನ್ನು ನೋಡಿದರು. ಅದು ಬೇಯಿಸಿದ ರೊಟ್ಟಿ, ಯಾರೋ ಬೇಯಿಸಿದ್ದು, ಯಾವುದೋ ಒಲೆಯಲ್ಲಿ. ಮುರಿದು ಬಾಯಿಗಿಟ್ಟುಕೊಂಡರು.

ಡ್ರಿಲ್ ಮೇಷ್ಟ್ರು ಮೂಗು ಒರೆಸಿಕೊಂಡು, ಖಾರ ಹೆಚ್ಚಾಯಿತು ಎಂದರು. ಆ ಊಟದಲ್ಲಿ ಖಾರವೇ ಇರಲಿಲ್ಲ.

ಇದಾದ ಮೇಲೆ ಮಾತು ಕಟ್ಟೆ ಒಡೆದಂತೆ ಹರಿಯಿತು. ಸಾಹೇಬರ ಅಜ್ಜಿ ಖಿಲಾಫತ್ ಚಳವಳಿಯ ಕಾಲದಲ್ಲಿ, ತುರ್ಕಿಯ ಖಲೀಫರ ಸಲುವಾಗಿ ತಮ್ಮ ಬೆಳ್ಳಿಯ ಕಾಲ್ಗಡಗ ಬಿಚ್ಚಿಕೊಟ್ಟವರಂತೆ. 1924ರ ಮಾರ್ಚ್ 3ರಂದು ತುರ್ಕಿಯ ಸಂಸತ್ತೇ ಖಲೀಫರ ಪದವಿಯನ್ನು ರದ್ದುಮಾಡಿತು. “ಅಜ್ಜಿಯ ಕಾಲ್ಗಡಗ ಹೋದದ್ದೇ ಬಂತು” ಎಂದರು ಸಾಹೇಬರು. ನೋಡಿ, ಒಬ್ಬರ ಅಜ್ಜ ಸುಲ್ತಾನನ ಸೈನ್ಯದ ಮೇಲೆ ಕುದುರೆ ಓಡಿಸಿದವರು, ಇನ್ನೊಬ್ಬರ ಅಜ್ಜಿ ಅದೇ ಸುಲ್ತಾನನ ಮನೆತನಕ್ಕೆ ಬೆಳ್ಳಿ ಕೊಟ್ಟವರು. ಇಬ್ಬರೂ ಮೈಸೂರಿನವರೇ.

ಚರಿತ್ರೆಯ ಮೇಷ್ಟ್ರಾಗಿ ನನ್ನ ಪಾಲಿನದನ್ನು ನಾನೂ ಹೇಳದೆ ಬಿಡಲಿಲ್ಲ. ಶ್ರೀರಂಗಪಟ್ಟಣದಿಂದ ಟಿಪ್ಪು ಸುಲ್ತಾನ್ ಕಾನ್‌ಸ್ಟಾಂಟಿನೋಪಲ್ಲಿಗೆ ಕಳುಹಿಸಿದ ರಾಯಭಾರ. ಗುಲಾಮ್ ಅಲಿ ಖಾನನ ಮುಂದಾಳ್ತನದಲ್ಲಿ ಸುಮಾರು 900 ಜನ 1786ರಲ್ಲಿ ಗೋಕರ್ಣದ ಬಳಿಯ ತದಡಿ ಬಂದರಿನಿಂದ ನಾಲ್ಕು ಹಡಗುಗಳಲ್ಲಿ ಹೊರಟರು. ಮಸ್ಕತ್, ಬಸ್ರಾ, ಬಾಗ್ದಾದ್ ದಾಟಿ ಮರುವರ್ಷ ಆ ನಗರ ಮುಟ್ಟಿದರು. ಅವರೊಡನೆ ಹೋದ ಗುಮಾಸ್ತ ಖ್ವಾಜಾ ಅಬ್ದುಲ್ ಖಾದಿರ್ ಪ್ರಯಾಣದ ದಿನಚರಿಯನ್ನು ಪಾರಸಿಯಲ್ಲಿ ಬರೆದಿಟ್ಟಿದ್ದಾನೆ. ವ್ಯಾಪಾರದ ಅನುಕೂಲ, ಸೈನ್ಯದ ನೆರವು, ಕುಶಲಕರ್ಮಿಗಳು, ಹೀಗೆ ಕೇಳಿದ್ದು ಬಹಳ. ಸುಲ್ತಾನ ಒಂದನೇ ಅಬ್ದುಲ್ ಹಮೀದ್ ಮರ್ಯಾದೆಯನ್ನೇನೋ ಮಾಡಿದ. ಆದರೆ ಅವನಿಗೆ ರಷ್ಯದೊಡನೆ ಯುದ್ಧ ಆರಂಭವಾಗಿತ್ತು, ಇಂಗ್ಲಿಷರನ್ನು ಎದುರುಹಾಕಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಹಡಗಿನ ಅಪಘಾತ, ರೋಗ, ಚಳಿಗಳಿಗೆ ಸಿಕ್ಕಿ ದಾರಿಯಲ್ಲಿ ಸತ್ತವರೇ ಹೆಚ್ಚು. ಮರಳಿ ಬಂದವರು ಬೆರಳೆಣಿಕೆಯಷ್ಟು. ಕಾವೇರಿಯ ನೀರು ಕುಡಿದು ಬೆಳೆದ ಆ ಜನ ಅಲ್ಲಿನ ಹಿಮದಲ್ಲಿ ಕುಳಿತು ಯಾವ ರೊಟ್ಟಿ ತಿಂದರೋ, ಅನ್ನವನ್ನು ನೆನೆದು ಎಷ್ಟು ಕೊರಗಿದರೋ ಎಂಬುದೇ ನನ್ನ ಮನಸ್ಸಿಗೆ ಯಾವಾಗಲೂ ಬರುವ ವಿಚಾರ. ರಾಜತಂತ್ರದ ಪುಸ್ತಕಗಳಲ್ಲಿ ಊಟದ ಸುದ್ದಿ ಸಾಲದು.

ಕೊನೆಗೆ ಬಕ್ಲಾವಾ ಬಂತು. ಎಳೆಎಳೆಯಾದ ಹಿಟ್ಟಿನ ಪದರಗಳ ನಡುವೆ ಪಿಸ್ತಾ, ಮೇಲೆ ಸಕ್ಕರೆಯ ಪಾಕ. ನಮ್ಮ ಚಿರೋಟಿಗೆ ಪಾಕ ಕುಡಿಸಿದ ಹಾಗೆ. ಸಿಹಿ ಅತಿಯಾಯಿತು. ಕಾಕಾಸುರ ಮಾದಪ್ಪನವರು ನಾಲ್ವಡಿಯವರ ಅರಮನೆಯ ಅಡುಗೆಮನೆಯಲ್ಲಿ ಮಾಡಿದ ಮೈಸೂರು ಪಾಕನ್ನು ತಿಂದು ಬೆಳೆದವರಿಗೆ ಅದು ಅಷ್ಟಕ್ಕಷ್ಟೆ. ಇದು ಊರಿನ ಅಭಿಮಾನವೆಂದು ನೀವು ನಗಬಹುದು, ನಗಿ. ಸಾಹೇಬರಿಗೆ ಸಕ್ಕರೆ ಕಾಯಿಲೆ ಇರುವುದರಿಂದ ತಮ್ಮ ಪಾಲಿನ ಮುಕ್ಕಾಲನ್ನು ಪಂಡಿತರಿಗೇ ವರ್ಗಾಯಿಸಿದರು, ಕಾಲು ಭಾಗದ ಲೆಕ್ಕವನ್ನು ಮಾತ್ರ ಮನೆಯಲ್ಲಿ ಹೇಳಬಾರದೆಂದು ನಮ್ಮಿಂದ ಭಾಷೆ ತೆಗೆದುಕೊಂಡರು.

ಕಾಫಿಯ ಬಗ್ಗೆ ನಾಲ್ಕು ಮಾತು ಬರೆಯಲೇಬೇಕು. ಡ್ರಿಲ್ ಮೇಷ್ಟ್ರ ಯಂತ್ರವನ್ನು ಅಡುಗೆಯವನು ಹೊರಗೆ ಬಂದು ನೋಡಿ, ಕಣ್ಣಿಗೊತ್ತಿಕೊಂಡಂತೆ ಹಿಡಿದು, ತನ್ನ ಗುರು ಇಂಥದ್ದೊಂದನ್ನು ಇಟ್ಟುಕೊಂಡಿದ್ದ ಎಂದ. ಮೆಣಸಿನ ವಾಸನೆಗೆ ಸೀನಿಯೂ ಸೀನಿದ. ತುರ್ಕಿ ಕಾಫಿಗೆ ಬೀಜವನ್ನು ಮೈದಾಹಿಟ್ಟಿನಂತೆ ನುಣ್ಣಗೆ ಬೀಸಿ, ಉದ್ದ ಹಿಡಿಯ ಸಣ್ಣ ಪಾತ್ರೆಯಲ್ಲಿ ಸಕ್ಕರೆಯೊಡನೆ ನೊರೆ ಬರುವಂತೆ ಕಾಯಿಸಿ, ಸೋಸದೆ ಬಟ್ಟಲಿಗೆ ಸುರಿಯುತ್ತಾರೆ. ಗಸಿ ತಳಕ್ಕೆ ಇಳಿಯುವವರೆಗೆ ಕಾಯಬೇಕು. ಹಾಲಿಲ್ಲ. 2013ರಲ್ಲಿ ಯುನೆಸ್ಕೊ ಇದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಇಸ್ತಾಂಬುಲ್ಲಿನಲ್ಲಿ ಕಾಫಿ ಅಂಗಡಿಗಳು ತೆರೆದದ್ದು ಹದಿನಾರನೆಯ ಶತಮಾನದ ನಡುವಿನಲ್ಲಿ. ಬಾಬಾ ಬುಡನ್ ಏಳು ಬೀಜಗಳನ್ನು ಯೆಮೆನಿನ ಮೋಖಾದಿಂದ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂದು ನಮ್ಮ ಐತಿಹ್ಯ ಹೇಳುವುದು ಹದಿನೇಳನೆಯ ಶತಮಾನದಲ್ಲಿ. ಅಂತೂ ಅವರ ಕಾಫಿಯೂ ನಮ್ಮ ಕಾಫಿಯೂ ಒಂದೇ ತವರಿನವು. ಕುಡಿದು ನೋಡಿದ ಮೇಲೆ ನನ್ನ ತೀರ್ಪು: ಕಾಫಿಗೆ ಸೋಸುವ ಪಾತ್ರೆ ಕಂಡುಹಿಡಿದವನು ಪುಣ್ಯವಂತ. ಪಂಡಿತರು ಮಾತ್ರ ಎರಡನೆಯ ಬಟ್ಟಲು ಕೇಳಿದರು. ಗಸಿಯಲ್ಲಿ ಭವಿಷ್ಯ ನೋಡುವ ಪದ್ಧತಿ ಅಲ್ಲಿದೆಯೆಂದು ತಿಳಿದು, ಬಟ್ಟಲನ್ನು ಬೋರಲು ಹಾಕಿ, ಪಂಚಾಂಗ ನೋಡುವ ಗಾಂಭೀರ್ಯದಿಂದ ಸಾಹೇಬರ ಬಟ್ಟಲನ್ನೂ ಪರೀಕ್ಷಿಸಿ, ದೂರಪ್ರಯಾಣವಿದೆ ಎಂದರು. ಕುಕ್ಕರಹಳ್ಳಿ ಕೆರೆಯವರೆಗೆ ಎಂದರು ಸಾಹೇಬರು.

ಬಿಲ್ಲಿನ ಬಗ್ಗೆ ಮಾಮೂಲಿ ಜಗಳವಾಯಿತು. ಡ್ರಿಲ್ ಮೇಷ್ಟ್ರೇ ಗೆದ್ದರು.

ಕಳೆದ ವರ್ಷ, 2025ರಲ್ಲಿ, ಯುಗಾದಿ ಮಾರ್ಚ್ 30ರ ಭಾನುವಾರ ಬಂತು, ರಂಜಾನ್ ಹಬ್ಬ ಮರುದಿನವೇ ಬಂತು. ಭಾನುವಾರ ರಾತ್ರಿ ಎಂಟು ಗಂಟೆಗೆ, ಒಬ್ಬಟ್ಟಿನ ಊಟದ ಮಂಪರಿನಲ್ಲಿದ್ದ ನನಗೆ ಪಂಡಿತರ ದೂರವಾಣಿ ಬಂತು.

“ಶೀರ್ ಖುರ್ಮಾಕ್ಕೆ ಹಾಲು, ಶಾವಿಗೆ, ಖರ್ಜೂರ ಬಿಟ್ಟು ಬೇರೆ ಏನಾದರೂ ಹಾಕುತ್ತಾರೆಯೇ?”

“ನನ್ನನ್ನೇಕೆ ಕೇಳುತ್ತೀರಿ? ಸಾಹೇಬರನ್ನೇ ಕೇಳಿ.”

“ಕೇಳಿದೆ. ತುಪ್ಪ ಎಂದರು.”

“ಮತ್ತೇನು?”

“ಏನಿಲ್ಲ. ನಮ್ಮ ಮನೆಯಾಕೆ ಯಾವ ಪಾತ್ರೆ ಕೊಟ್ಟು ಕಳುಹಿಸಬೇಕು ಎಂದು ಕೇಳುತ್ತಿದ್ದಾಳೆ. ನಿಮ್ಮ ಮನೆಗೆ ಪ್ರತಿ ವರ್ಷ ಎಷ್ಟು ಬರುತ್ತದೆ? ಸೇರಿನ ಪಾತ್ರೆ ಸಾಕೇ?”

ಸಾಕು ಎಂದೆ.